ಬಿಂದುವಿನ ಆಚೆಯ ಅಂಕಿ

ಹಾಲಿನವನ ಪಾವು, ಅಕ್ಕಸಾಲಿಗನ ತಕ್ಕಡಿ, ಬಟ್ಟೆಯಂಗಡಿಯ ಗಜಕೋಲು, ಇವುಗಳ ವಿಷಯದಲ್ಲಿ ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಯೊಂದು ಉಂಟು: "ಇದನ್ನು ನಂಬಬಹುದೆ?" ಅದೇ ಪ್ರಶ್ನೆಯನ್ನು ಈಗಿನವರು ಸೈಕಲ್ಲಿನ ಹ್ಯಾಂಡಲಿನ ಮೇಲೆ ಕುಳಿತ ಒಂದು ಪುಟ್ಟ ಯಂತ್ರದ ವಿಷಯದಲ್ಲಿ ಕೇಳುತ್ತಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಡಬ್ಬಿಗೆ ಜಿಪಿಎಸ್ ಸೈಕಲ್ ಕಂಪ್ಯೂಟರ್ ಎಂದು ಹೆಸರು. ಎಷ್ಟು ದೂರ ಬಂದಿರಿ, ಎಷ್ಟು ವೇಗದಲ್ಲಿ ಬಂದಿರಿ, ಎಷ್ಟು ಏರು ಹತ್ತಿದಿರಿ, ಕೊನೆಗೆ ಮೈಯೊಳಗಿನ ಎಷ್ಟು ಕ್ಯಾಲೊರಿ ಕರಗಿಸಿದಿರಿ ಎಂಬುದನ್ನೆಲ್ಲ ಅದು ಕೇಳದೆಯೇ ಹೇಳುತ್ತದೆ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಸೈಕಲ್ ಕಲಿತ ನನ್ನಂಥವರಿಗೆ ಇದು ಸೋಜಿಗ. ಆಗ ಅಳೆಯಬೇಕಾಗಿದ್ದುದು ಹೊತ್ತನ್ನು ಮಾತ್ರ; ಅದನ್ನೂ ಅಂಗಡಿಯವನು ಅಳೆಯುತ್ತಿದ್ದ.

ಇಂಥ ಡಬ್ಬಿಗಳಲ್ಲಿ ಯಾವುದು ಹೆಚ್ಚು ವಿಶ್ವಾಸಾರ್ಹ ಎಂಬ ಚರ್ಚೆ ನಮ್ಮ ಬೀದರಿನ ಭಾನುವಾರದ ಸವಾರರಲ್ಲಿ ನಡೆಯುತ್ತಲೇ ಇರುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಆ ಶಬ್ದ. ವಿಶ್ವಾಸಕ್ಕೆ ಅರ್ಹತೆ ಎಂಬುದು ಮನುಷ್ಯನ ಗುಣ. ಸಾಲ ಕೇಳಲು ಬಂದವನನ್ನು, ಸಾಕ್ಷಿ ಹೇಳಲು ನಿಂತವನನ್ನು, ಮಗಳಿಗೆ ನೋಡಿದ ವರನನ್ನು ಕುರಿತು ಆಡುವ ಮಾತು ಅದು. ಯಂತ್ರಕ್ಕೆ ಅದನ್ನು ಹೇಳುವಾಗ ನಾವು ಏನು ಹೇಳುತ್ತಿದ್ದೇವೆ?

ಹೋದ ಮಳೆಗಾಲದ ಕೊನೆಯಲ್ಲಿ ಬ್ಯಾಂಕಿನ ಗೆಳೆಯರೊಬ್ಬರು, ಅವರ ತಮ್ಮ ಮತ್ತು ನಾನು ಬೀದರಿನಿಂದ ಜನವಾಡ, ಸಂತಪುರಗಳ ಮೇಲೆ ಔರಾದಿಗೆ, ಅಲ್ಲಿಂದ ಚಿಂತಾಕಿಗೆ ಹೋಗಿದ್ದೆವು. ಅಣ್ಣತಮ್ಮಂದಿರ ಸೈಕಲ್ಲುಗಳ ಮೇಲೆ ಎರಡು ಬೇರೆ ಬೇರೆ ಡಬ್ಬಿಗಳು. ನನ್ನದರ ಮೇಲೆ ಗಂಟೆ ಮಾತ್ರ. ಔರಾದಿನ ಹೋಟೆಲಿನಲ್ಲಿ ಚಹಾಕ್ಕೆ ಕುಳಿತಾಗ ಒಂದು ಡಬ್ಬಿ ಇನ್ನೊಂದಕ್ಕಿಂತ ಎಂಟುನೂರು ಮೀಟರು ಹೆಚ್ಚು ಹೇಳಿತು. ಹತ್ತಿದ ಏರಿನಲ್ಲಂತೂ ನೂರು ಮೀಟರಿಗೂ ಮಿಗಿಲಾದ ವ್ಯತ್ಯಾಸ. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳದು ಮೂರನೆಯ ಅಭಿಪ್ರಾಯ. ಒಂದೇ ದಾರಿ, ಒಂದೇ ಬೆಳಗು, ಒಬ್ಬರ ಹಿಂದೊಬ್ಬರು ತುಳಿದದ್ದು. ಮೂರು ಸಾಕ್ಷಿಗಳು ಮೂರು ಮಾತು. ಮಂಡಕ್ಕಿಯ ತಟ್ಟೆ ಬರಿದಾದರೂ ಅಣ್ಣತಮ್ಮಂದಿರ ವ್ಯಾಜ್ಯ ತೀರಲಿಲ್ಲ.

ಯಾರೂ ಕೆಟ್ಟಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಯಂತ್ರದ ಕೆಲಸದ ಬಗೆಯೇ ಅಂಥದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು, "ನಾನು ಇಲ್ಲಿದ್ದೇನೆ, ಈಗ ಹೊತ್ತು ಇಷ್ಟು" ಎಂದು ಎಡೆಬಿಡದೆ ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ಡಬ್ಬಿಯು ಲೆಕ್ಕ ಹಾಕಿ ತಾನೆಲ್ಲಿದ್ದೇನೆಂದು ತೀರ್ಮಾನಿಸುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರು ಸಾಗುತ್ತದೆ. ಹೊತ್ತಿನ ಲೆಕ್ಕ ಅಂಥ ಹತ್ತು ಪಾಲು ತಪ್ಪಿದರೆ ಜಾಗದ ಲೆಕ್ಕ ಮೂರು ಮೀಟರು ತಪ್ಪಿತು. ಬಯಲಿನಲ್ಲಿ, ಆಕಾಶ ತೆರೆದಿರುವಲ್ಲಿ, ನಾಲ್ಕೈದು ಮೀಟರಿನ ಒಳಗೆ ಸರಿಯಾದ ಜಾಗ ಸಿಗುತ್ತದೆ. ಔರಾದಿನ ಕಡೆಯ ತೊಗರಿ ಹೊಲಗಳ ನಡುವಿನ ದಾರಿಗಿಂತ ತೆರೆದ ಆಕಾಶ ಬೇರೆಲ್ಲಿ ಸಿಕ್ಕೀತು? ಬೀದರ ಕೋಟೆಯ ಬಾಗಿಲುಗಳ ಒಳಗೆ, ಹಳೆಯ ಊರಿನ ಓಣಿಗಳಲ್ಲಿ, ಗೋಡೆಗೆ ಬಡಿದು ಬಂದ ಸದ್ದನ್ನೇ ನೇರವಾಗಿ ಬಂದದ್ದೆಂದು ತಿಳಿದು ಡಬ್ಬಿ ಮತ್ತಷ್ಟು ದಾರಿ ತಪ್ಪುತ್ತದೆ.

ಹೀಗೆ ಸಿಕ್ಕ ಚುಕ್ಕೆಗಳನ್ನು ಗೆರೆ ಎಳೆದು ಜೋಡಿಸಿದರೆ ದೂರ ಬರುತ್ತದೆ. ಸೆಕೆಂಡಿಗೊಂದು ಚುಕ್ಕೆ ಇಟ್ಟರೆ, ಪ್ರತಿ ಚುಕ್ಕೆಯೂ ಅತ್ತಿತ್ತ ಸರಿದಿರುವುದರಿಂದ ನೆಟ್ಟಗಿನ ದಾರಿಯೂ ಡೊಂಕಾಗಿ ಉದ್ದವಾಗುತ್ತದೆ. ಚುಕ್ಕೆಗಳನ್ನು ದೂರ ದೂರ ಇಟ್ಟರೆ ತಿರುವುಗಳನ್ನು ಕತ್ತರಿಸಿ ದಾರಿ ಗಿಡ್ಡವಾಗುತ್ತದೆ. ತಮ್ಮನ ಸೈಕಲ್ಲಿನ ಗಾಲಿಗೆ ಸುತ್ತುಗಳನ್ನು ಎಣಿಸುವ ಒಂದು ಗುಂಡಿಯೂ ಇತ್ತು. 700×25 ಟೈರಿನ ಒಂದು ಸುತ್ತು 2,105 ಮಿಲಿಮೀಟರು ಎಂದು ಪಟ್ಟಿ ಹೇಳುತ್ತದೆ. ಆದರೆ ಗಾಳಿ ಕಡಿಮೆಯಾಗಿ, ಸವಾರನ ತೂಕಕ್ಕೆ ಟೈರು ಕುಗ್ಗಿ ಆ ಸುತ್ತು ಹತ್ತು ಮಿಲಿಮೀಟರು ಕಿರಿದಾದರೆ ನೂರು ಕಿಲೋಮೀಟರಿಗೆ ಸುಮಾರು ಅರ್ಧ ಕಿಲೋಮೀಟರು ವ್ಯತ್ಯಾಸ. ಎತ್ತರವನ್ನು ಅನೇಕ ಡಬ್ಬಿಗಳು ಗಾಳಿಯ ಒತ್ತಡದಿಂದ ತಿಳಿಯುತ್ತವೆ. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ, ನಿಜ. ಆದರೆ ಮೋಡ ಕವಿದು ಮಳೆ ಬರುವ ಮುನ್ನವೂ ಇಳಿಯಬಹುದು. ಆಗ ಹೋಟೆಲಿನ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲು ತನ್ನಷ್ಟಕ್ಕೆ ಗುಡ್ಡ ಹತ್ತುತ್ತಿರುತ್ತದೆ! ಸವಾರ ಒಳಗೆ ಕುಳಿತು ಚಹಾ ಕುಡಿಯುತ್ತಿರುತ್ತಾನೆ.

ಇಷ್ಟು ತಪ್ಪು ದೊಡ್ಡದೇನೂ ಅಲ್ಲ. ಅಷ್ಟು ದೂರದಲ್ಲಿ ಎಂಟುನೂರು ಮೀಟರು ಎಂದರೆ ನೂರಕ್ಕೆ ಒಂದೆರಡರಷ್ಟು. ನನ್ನ ತಕರಾರು ತಪ್ಪಿನ ಮೇಲಿಲ್ಲ; ತಪ್ಪಿರಬಹುದೆಂದು ಹೇಳದೆ ಇರುವುದರ ಮೇಲೆ. ಎರಡು ಡಬ್ಬಿಗಳೂ ಬಿಂದುವಿನ ಆಚೆ ಎರಡು ಅಂಕಿಗಳನ್ನು ತೋರಿಸುತ್ತಿದ್ದವು. ಬಿಂದುವಿನ ಆಚೆಯ ಎರಡನೆಯ ಅಂಕಿ ಎಂದರೆ ಹತ್ತು ಮೀಟರಿನ ಮಾತು. ಎಂಟುನೂರು ಮೀಟರಿನಲ್ಲೇ ಒಮ್ಮತವಿಲ್ಲದ ಇಬ್ಬರು ಹತ್ತು ಮೀಟರಿನ ವಿಷಯದಲ್ಲಿ ಆಣೆ ಮಾಡುತ್ತಿದ್ದರು.

ನಮ್ಮ ನೈಯಾಯಿಕರು ತಿಳಿವಿಗೆ ನಾಲ್ಕು ದಾರಿಗಳನ್ನು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇವುಗಳಲ್ಲಿ ಡಬ್ಬಿಯ ಅಂಕಿ ಯಾವುದು? ಕಣ್ಣಿಗೆ ಕಾಣುವುದರಿಂದ ನಾವು ಪ್ರತ್ಯಕ್ಷವೆಂದುಕೊಳ್ಳುತ್ತೇವೆ. ಆದರೆ ಡಬ್ಬಿ ದಾರಿಯನ್ನು ನೋಡಿಲ್ಲ, ಮುಟ್ಟಿಲ್ಲ. ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಗಡಿಯಾರಗಳ ಅಂತರದಿಂದ ಜಾಗವನ್ನು ಊಹಿಸಿದೆ. ಅದು ಅನುಮಾನ, ಒಳ್ಳೆಯ, ಬಲವಾದ ಅನುಮಾನ. ನಮಗೆ ತಲಪುವಾಗ ಮಾತ್ರ ಶಬ್ದಪ್ರಮಾಣವಾಗಿ ಬರುತ್ತದೆ, ಆಪ್ತನ ಮಾತಾಗಿ. ಹಾಗಾದರೆ ಆಪ್ತನೆಂದರೆ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಕೊಡುವ ಲಕ್ಷಣ ಸರಳವಾಗಿದೆ: ವಿಷಯವನ್ನು ತಾನೇ ನೇರವಾಗಿ ತಿಳಿದವನು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಆತ ಸೇರಿಸುತ್ತಾನೆ. ಕುಲ, ವಿದ್ಯೆಗಳ ಮಾತೇ ಅಲ್ಲಿಲ್ಲ. ಯಂತ್ರಗಳ ಕಾಲಕ್ಕೂ ಹೊಂದುವಂಥ ಔದಾರ್ಯ.

ಅಂಥ ಆಪ್ತನೊಬ್ಬ ಆ ದಿನ ನಮಗೆ ಸಿಕ್ಕ. ಔರಾದ್ ದಾಟಿ ಚಿಂತಾಕಿಯ ಕಡೆ ಹೋಗುವಾಗ ಅಣ್ಣನ ಡಬ್ಬಿ ಒಂದು ಒಳದಾರಿಯನ್ನು ತೋರಿಸಿತು. ಹೊಲದ ಬದುವಿನ ಮೇಲೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ತಮ್ಮ ಸೈಕಲ್ಲಿನಿಂದ ಇಳಿದು ಕೇಳಿದ.

"ಮುತ್ಯಾ, ಈ ದಾರೀಲೆ ಹೋದ್ರ ಚಿಂತಾಕಿ ಸಿಗ್ತದೇನ್ರಿ?"

"ಸಿಗ್ತದಪ್ಪ. ನಾಲಾ ತನಕ ದಾರಿ ಛಲೋ ಅದ. ನಾಲಾದ ಆಚಿ ಮಳಿ ಆದ ಮ್ಯಾಲ ನಾ ಹೋಗಿಲ್ಲ. ಅಲ್ಲಿ ಹೊಲದಾಗ ಯಾರರೆ ಇರ್ತಾರ, ಅವ್ರಿಗಿ ಕೇಳ್ರಿ."

"ದೂರ ಎಷ್ಟ್ ಆಗ್ತದ?"

"ಒಂದ್ ಕೋಸ್ ಇರ್ಬೇಕು. ನಾ ಏನ್ ಅಳದೀನೇನು?"

ಈ ನಾಲ್ಕು ಮಾತುಗಳಲ್ಲಿ ಎಷ್ಟು ಎಚ್ಚರಿಕೆ ಇದೆಯೆಂಬುದನ್ನು ಓದುಗರು ಗಮನಿಸಬೇಕು. ಬಲ್ಲದ್ದನ್ನು ಖಚಿತವಾಗಿ ಹೇಳಿದರು. ತಮ್ಮ ತಿಳಿವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಒಂದು ಗಡಿಕಲ್ಲು ನೆಟ್ಟರು. ಆಚೆಗೆ ಯಾರನ್ನು ಕೇಳಬೇಕೆಂಬುದನ್ನೂ ತಿಳಿಸಿದರು. ಅಳೆಯದೆ ಇದ್ದದ್ದನ್ನು ಅಳೆದಿಲ್ಲವೆಂದರು. ಕೋಸಿನ ಲೆಕ್ಕ ಒರಟು. ಡಬ್ಬಿಯ ಮುಂದೆ ಅದು ನಿಲ್ಲಲಾರದು. ಆದರೂ ನಾಲೆಯ ದಂಡೆಗೆ ಹೋಗಿ ನೋಡಿದಾಗ, ಡಬ್ಬಿಯೊಳಗಿನ ಗೆರೆ ನೀರಿನ ಮೇಲೆಯೇ ನೆಟ್ಟಗೆ ಮುಂದಕ್ಕೆ ಹೋಗಿತ್ತು. ನೆಲದ ಮೇಲಿನ ದಾರಿ ಹೋಗಿರಲಿಲ್ಲ. ಹೊಲದಲ್ಲಿದ್ದ ಹೆಣ್ಣುಮಗಳೊಬ್ಬಳು ಮೇಲ್ಗಡೆ ಕಲ್ಲು ಹಾಕಿದ ಜಾಗ ತೋರಿಸಿದಳು. ಸೈಕಲ್ಲುಗಳನ್ನು ಹೆಗಲಿಗೇರಿಸಿ ದಾಟಿದೆವು.

"ಹಾಗಾದರೆ ನಿಮ್ಮ ಪ್ರಕಾರ ಯಂತ್ರ ಸುಳ್ಳು ಹೇಳಿತೆ?" ಎಂದು ಗೆಳೆಯರು ಕೇಳಿದರು. ಸುಳ್ಳಿಗೆ ಮನಸ್ಸು ಬೇಕು, ಡಬ್ಬಿಗೆ ಮನಸ್ಸಿಲ್ಲ. ಆದರೆ ಡಬ್ಬಿಯ ಹಿಂದೆ ಮನಸ್ಸುಳ್ಳವರು ಇದ್ದಾರೆ. ಇದೇ ಜಿಪಿಎಸ್‌ನಲ್ಲಿ ಅಮೆರಿಕದ ಸೇನೆ ಹಲವು ವರ್ಷ ಬೇಕೆಂದೇ ತಪ್ಪನ್ನು ಬೆರೆಸಿ ಸಾಮಾನ್ಯ ಜನರಿಗೆ ಕೊಡುತ್ತಿತ್ತು. ಜಾಗ ನೂರು ಮೀಟರಿನವರೆಗೂ ಸರಿದು ಕಾಣುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದ್ದು 2000ದ ಮೇ ಮೊದಲ ವಾರದಲ್ಲಿ. ವಿಚಿತ್ರವೆಂದರೆ, ಆ ಕಾಲದ ಜಿಪಿಎಸ್‌ನಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇತ್ತೆನ್ನಬೇಕು. ತಪ್ಪು ಬೆರೆತಿದೆಯೆಂಬುದು ಗುಟ್ಟಾಗಿರಲಿಲ್ಲ, ಬಳಸುವವರು ಅದನ್ನು ಲೆಕ್ಕಕ್ಕೆ ಹಿಡಿದೇ ಬಳಸುತ್ತಿದ್ದರು. ಈಗ ತಪ್ಪು ಕಡಿಮೆಯಾಗಿದೆ, ಅನುಮಾನವೂ ಕಣ್ಮರೆಯಾಗಿದೆ.

ಕಣ್ಮರೆಯಾಗಿದೆ ಎಂದೆ, ಇಲ್ಲವಾಗಿದೆ ಎನ್ನಲಿಲ್ಲ. ಡಬ್ಬಿಯೊಳಗಿನ ಗ್ರಾಹಕವು ಪ್ರತಿ ಚುಕ್ಕೆಯ ಜೊತೆಗೆ ತನ್ನ ಲೆಕ್ಕ ಎಷ್ಟು ಮೀಟರು ತಪ್ಪಿರಬಹುದೆಂಬ ಅಂದಾಜನ್ನೂ ಮಾಡಿಕೊಳ್ಳುತ್ತದೆ. ಅಂದರೆ ಒಳಗೆ ಅದಕ್ಕೆ ತನ್ನ ಅಳವು ಗೊತ್ತು. ಮುಖದ ಮೇಲೆ ಮಾತ್ರ ಬರುವುದಿಲ್ಲ. ಬಂದರೆ ಕೊಳ್ಳುವವನಿಗೆ ಹಿಡಿಸುವುದಿಲ್ಲ. ಸಾವಿರಾರು ರೂಪಾಯಿ ಸುರಿದು ತಂದ ವಸ್ತು "ಇರಬಹುದು" ಎಂದರೆ ಯಾರಿಗೆ ಸಹನೆ? ದೋಷ ಮಾಡಿದವನದು ಎಷ್ಟೋ ಬೇಡಿದವನದೂ ಅಷ್ಟೇ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಕ್ಯಾಲೊರಿಯ ಅಂಕಿ. ದೂರದ ಲೆಕ್ಕ ನೂರಕ್ಕೆ ಒಂದೆರಡರೊಳಗೆ ಸರಿ. ಕ್ಯಾಲೊರಿಯದು, ತುಳಿತದ ಬಲ ಅಳೆಯುವ ಬೇರೆ ಸಾಧನವಿಲ್ಲದಿದ್ದರೆ, ತೂಕ, ವಯಸ್ಸು, ವೇಗ, ನಾಡಿಬಡಿತಗಳ ಮೇಲೆ ಕಟ್ಟಿದ ಊಹೆ. ಆದರೂ ಎರಡೂ ಒಂದೇ ಗಾತ್ರದ ಅಂಕಿಗಳಲ್ಲಿ, ಒಂದೇ ಗತ್ತಿನಲ್ಲಿ, ಅಕ್ಕಪಕ್ಕ ನಿಂತಿರುತ್ತವೆ. ಬಲ್ಲದ್ದನ್ನೂ ಊಹಿಸಿದ್ದನ್ನೂ ಒಂದೇ ದನಿಯಲ್ಲಿ ಹೇಳುವ ಮನುಷ್ಯನನ್ನು ನಾವು ಸುಳ್ಳುಗಾರನೆನ್ನುವುದಿಲ್ಲ. ಆದರೆ ಪಂಚಾಯಿತಿಗೆ ಕರೆಯುವುದಿಲ್ಲ.

ಗೆಳೆಯರು ಬಿಡುವವರಲ್ಲ. "ಮಾಸ್ತರ್ರೇ, ಪ್ರತಿಯೊಂದಕ್ಕೂ 'ಸುಮಾರು' ಸೇರಿಸುತ್ತ ಕುಳಿತರೆ ಬ್ಯಾಂಕು ನಡೆದೀತೆ? ನನಗೆ ಬೆಳಿಗ್ಗೆ ಐದಕ್ಕೆ ಹಾಸಿಗೆ ಬಿಡಿಸುವುದು ಈ ಅಂಕಿಯೇ. ತಪ್ಪಿದ್ದರೂ ಅದು ನನ್ನನ್ನು ಎಬ್ಬಿಸುತ್ತದೆ." ಈ ಮಾತಿನಲ್ಲಿ ಹುರುಳಿದೆ. ಅವರ ಮಧುಮೇಹ ಹತೋಟಿಗೆ ಬಂದಿರುವುದು ನನ್ನ ನ್ಯಾಯಶಾಸ್ತ್ರದಿಂದಲ್ಲ. ಆದರೆ ಅವರೇ 49.6 ಎಂದು ತೋರಿಸಿದ ಡಬ್ಬಿಯನ್ನು 50 ಮಾಡಲು ಮನೆಯ ಮುಂದಿನ ಓಣಿಯಲ್ಲಿ ಎರಡು ಸುತ್ತು ಹಾಕುವುದನ್ನು ನಾನು ಕಂಡಿದ್ದೇನೆ. ಆ ಎರಡು ಸುತ್ತು ಯಾರಿಗಾಗಿ?

ಅಳತೆಯ ನಂಬಿಕೆಯ ಪ್ರಶ್ನೆ ಬೀದರ ಸೀಮೆಗೆ ಹೊಸದಲ್ಲ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ತೆಂಕಣದಿಂದ ಕೊಂಡುಬಂದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರಿನ ಬಳಿ ನೆಲದ ಮೇಲೆ ಒಂದು ಮೂಲರೇಖೆಯನ್ನು ಸರಪಳಿ ಹಿಡಿದು ಅಳೆಸಿದ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್‌ಗೆ ಹಿಂದಿನವರ ಅಳತೆಯ ಮೇಲೆ ಪೂರ್ತಿ ನಂಬಿಕೆ ಹುಟ್ಟಲಿಲ್ಲ. ಬೀದರ ಬಳಿಯ ದಾಮರ್ಗಿದ್ದ ಎಂಬ ಠಾಣೆಯಿಂದ ಉತ್ತರಕ್ಕೆ ಕೆಲಸವನ್ನು ಮತ್ತೆ ಮಾಡಿಸಿದ. ಮಧ್ಯಭಾರತದ ಸಿರೋಂಜಿನಲ್ಲಿ ಅಳೆದ ಇನ್ನೊಂದು ಮೂಲರೇಖೆಯಿಂದ ನಾನೂರು ಮೈಲಿಗೂ ಹೆಚ್ಚು ದೂರ ತ್ರಿಕೋನಗಳ ಸರಪಣಿ ಹೆಣೆದು ಬಂದರೆ, ಬೀದರಿನ ರೇಖೆ ಇಷ್ಟು ಉದ್ದವಿರಬೇಕೆಂದು ಕಾಗದದ ಮೇಲೆ ಲೆಕ್ಕ ಸಿಗುತ್ತದೆ. ಅಷ್ಟಕ್ಕೆ ತೃಪ್ತಿಪಡದೆ 1841ರಲ್ಲಿ ಆಂಡ್ರ್ಯೂ ವಾ ಎಂಬ ಅಧಿಕಾರಿ ಇಲ್ಲಿಗೆ ಬಂದು, ಏಳೆಂಟು ಮೈಲಿ ಉದ್ದದ ಆ ರೇಖೆಯನ್ನು ನೆಲದ ಮೇಲೆಯೇ ಮತ್ತೆ ಅಳೆದ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆಂದು ಹಿತ್ತಾಳೆ, ಕಬ್ಬಿಣ ಎರಡನ್ನೂ ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದು ಸರಿದೂಗಿಸುವಂತೆ ಮಾಡಿದ ಹತ್ತಡಿಯ ಸಲಾಕೆಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸೂಕ್ಷ್ಮದರ್ಶಕಗಳು. ಬೀದರಿನ ಬಯಲಿನಲ್ಲಿ ಅಡಿಯಡಿಯಾಗಿ ಎಂಟು ಮೈಲಿ! ಲೆಕ್ಕದ ಉದ್ದಕ್ಕೂ ನೆಲದ ಉದ್ದಕ್ಕೂ ಬಂದ ಅಂತರ ಕೆಲವೇ ಅಂಗುಲ.

ಆ ಕೆಲವು ಅಂಗುಲಗಳು ಚಿಕ್ಕವು ಎಂಬುದಕ್ಕಿಂತ, ಅವರು ಅವನ್ನು ಬರೆದಿಟ್ಟರು ಎಂಬುದು ನನ್ನ ಮನಸ್ಸಿಗೆ ಹತ್ತಿದ್ದು. ಅಂತರವನ್ನು ಮುಚ್ಚಿ ಸರಿಯಾಯಿತೆಂದು ಬರೆದಿದ್ದರೆ ಕೇಳುವವರು ಯಾರಿದ್ದರು? ಆ ಸರ್ವೇಕ್ಷಣೆ ಪರದೇಶದ ಕಂಪನಿ ಸರಕಾರದ ಹಿಡಿತ ಬಿಗಿಯಾಗಲೆಂದು ನಡೆದದ್ದು. ಅದರ ಉದ್ದೇಶವನ್ನು ಹೊಗಳಲು ನಾನು ಹೊರಟಿಲ್ಲ. ಆದರೆ ಎರಡು ದಾರಿಯಿಂದ ಅಳೆದು, ತಾಳೆ ನೋಡಿ, ತಾಳೆಯಾಗದೆ ಉಳಿದದ್ದನ್ನು ಗ್ರಂಥದಲ್ಲಿ ಅಚ್ಚುಹಾಕಿಸುವ ಶಿಸ್ತು ಬೇರೆ ಮಾತು. ನಮ್ಮ ಕಾಲದಲ್ಲಿಯೂ ಅದರ ಉದಾಹರಣೆ ಇಲ್ಲದಿಲ್ಲ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಸಂಚಾರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಆ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಟ್ಟಿವೆಯೆಂಬುದು 2017ರ ಜನವರಿಯಲ್ಲಿ ಇಸ್ರೋದ ಬಾಯಿಂದಲೇ ಹೊರಬಂತು. ಕೇಳಲು ಹಿತವಾದ ಸುದ್ದಿಯಲ್ಲ. ಆದರೆ ಆಕಾಶದಲ್ಲಿರುವ ಗಡಿಯಾರ ನಿಂತಿದೆಯೆಂದು ತಾವಾಗಿ ಹೇಳುವವರು, ನಡೆಯುತ್ತಿದೆ ಎಂದಾಗ ನಂಬಬಹುದು.

ಇಷ್ಟೆಲ್ಲ ಒಂದು ಹವ್ಯಾಸದ ಆಟಿಕೆಗೆ ಏಕೆ ಎನ್ನಬಹುದು. ದೂರದ ಸವಾರಿಯವರಲ್ಲಿ ಬ್ರೆವೆ ಎಂಬ ಪದ್ಧತಿಯಿದೆ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ತುಳಿದು ಮುಗಿಸಬೇಕು. ದಾರಿಯ ಠಾಣೆಗಳಲ್ಲಿ ಕಾರ್ಡಿನ ಮೇಲೆ ಸಹಿಯೋ ಮುದ್ರೆಯೋ ಬೀಳಬೇಕು. ನಮ್ಮ ದೇಶದಲ್ಲಿ ಎಟಿಎಂನಿಂದ ಹೊರಬಂದ ಚೀಟಿಯೂ ಸಾಕ್ಷಿಯಾಗಿ ನಡೆದಿದೆ. ಅಲ್ಲಿ ಗೆಲುವು ಸೋಲು ಇಲ್ಲ, ಬಹುಮಾನದ ಹಣವಿಲ್ಲ. ಡಬ್ಬಿ ಕೆಟ್ಟರೂ ಚಹಾದಂಗಡಿಯವನ ಸಹಿ ಉಳಿಯುತ್ತದೆ, ಅಂಗಡಿಯವನು ಮರೆತರೂ ಚೀಟಿ ಉಳಿಯುತ್ತದೆ. ಒಂದು ಸಾಕ್ಷಿ ಮೂಕವಾದರೆ ಇನ್ನೊಂದನ್ನು ಕೇಳುವ ಏರ್ಪಾಡು ಅದು.

ಹೊಟ್ಟೆಪಾಡಿನ ಜಾಗದಲ್ಲಿ ಈ ಏರ್ಪಾಡು ಇರಲಿಲ್ಲ. ಉದ್ಯೋಗ ಖಾತ್ರಿಯ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಮೊಬೈಲಿನ ಮೂಲಕ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೂಲಿಗಳ ಫೋಟೊ ತೆಗೆಯಬೇಕಾಗಿತ್ತು, ಅದರ ಜೊತೆ ಜಿಪಿಎಸ್ ಹೇಳಿದ ಜಾಗ, ಗಡಿಯಾರ ಹೇಳಿದ ಹೊತ್ತು. ಹಳೆಯ ಮಸ್ಟರ್ ರೋಲಿನಲ್ಲಿ ಇಲ್ಲದವರ ಹೆಬ್ಬೆಟ್ಟು ಬೀಳುತ್ತಿತ್ತು, ಸತ್ತವರೂ ಕೆಲಸಕ್ಕೆ ಬರುತ್ತಿದ್ದರು. ಆದ್ದರಿಂದ ಯಂತ್ರವನ್ನು ತಂದವರ ಉದ್ದೇಶವನ್ನು ನಾನು ಹಳಿಯಲಾರೆ. ಆದರೆ ನೆಟ್‌ವರ್ಕ್ ಸಿಗದೆ ಫೋಟೊ ಏರಲಿಲ್ಲ, ದುಡಿದ ದಿನ ಹಾಜರಿಯಿಲ್ಲದೆ ಹೋಯಿತು, ಕೂಲಿ ಕೈತಪ್ಪಿತು ಎಂಬ ದೂರುಗಳು ದೇಶದ ಹಲವೆಡೆಯಿಂದ ಬಂದವು.

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕು ಎದುರಾಗುತ್ತದೆ. ನಾನು ಬೇಡುತ್ತಿದ್ದುದು "ಗೊತ್ತಿಲ್ಲ" ಎನ್ನಬಲ್ಲ ಯಂತ್ರವನ್ನು. ಈ ಯಂತ್ರ ಅಂದಿತಲ್ಲ! ಫೋಟೊ ಏರದೆ ಹೋದಾಗ ಅದು ಹೇಳಿದ್ದು "ನನಗೆ ಗೊತ್ತಿಲ್ಲ" ಎಂದೇ. ಅದನ್ನು "ಆಕೆ ಬಂದಿರಲಿಲ್ಲ" ಎಂದು ಓದಿದ್ದು ಕಚೇರಿ. ಹಾಜರು, ಗೈರುಹಾಜರು ಎಂಬ ಎರಡೇ ಮನೆಗಳಿರುವ ಪಟ್ಟಿಯಲ್ಲಿ ತಿಳಿಯದು ಎಂಬುದಕ್ಕೆ ಮನೆಯಿಲ್ಲ. ಅದು ಎಲ್ಲಿ ಬಿದ್ದರೂ ಕೂಲಿಯವಳ ಪಾಲಿಗೆ ಬೀಳುತ್ತದೆ. ನಾಲೆಯ ಆಚೆ ಯಾರನ್ನು ಕೇಳಬೇಕೆಂದು ಆ ಮುತ್ಯಾ ನಮಗೆ ಹೇಳಿದ್ದರು. ನಾವು ಹೋಗಿ ಕೇಳಿದೆವು, ಆ ಹೆಣ್ಣುಮಗಳು ಕಲ್ಲು ತೋರಿಸಿದಳು. ಕಾಮಗಾರಿಯ ಜಾಗದಲ್ಲಿ ಕೇಳಬಹುದಾದವರು ಹತ್ತು ಮಂದಿ ಇರುತ್ತಾರೆ. ಪಕ್ಕದಲ್ಲಿ ಬುಟ್ಟಿ ಹೊತ್ತವಳಿದ್ದಾಳೆ, ನೀರು ತಂದುಕೊಟ್ಟ ಹುಡುಗನಿದ್ದಾನೆ, ಆಕೆ ಆ ದಿನ ತೋಡಿದ ಗುಂಡಿಯೇ ಇದೆ, ಅಡಿ ಅಂಗುಲ ಹಿಡಿದು ಅಳೆಯಬಹುದು.